ಮಣಿಕಟ್ಟಿನ ಮೇಲೆ ಎರಡು ಸಲ

ಫೆಬ್ರವರಿ 3

ಅಮ್ಮಾ,

ಇವತ್ತು ನನಗೆ ರಜೆ. ಬೆಳಿಗ್ಗೆಯಿಂದ ಮಂಚದ ಮೇಲೆ ಕಾಲು ಚಾಚಿಕೊಂಡು ಬಿದ್ದಿದ್ದೇನೆ, ಪಾದಗಳು ಮಾತ್ರ ಇನ್ನೂ ಆಸ್ಪತ್ರೆಯ ವಾರ್ಡಿನಲ್ಲೇ ನಡೆಯುತ್ತಿರುವ ಹಾಗಿದೆ. ಕಾಗದವನ್ನು ದಿಂಬಿನ ಮೇಲಿಟ್ಟು ಬರೆಯುತ್ತಿದ್ದೇನೆ, ಸಾಲು ಡೊಂಕಾದರೆ ಬೈಯಬೇಡ. ನೀನು ಹೇಳಿದ ಹಾಗೆ ದಪ್ಪ ಪೆನ್ನು ಕೊಂಡಿದ್ದೇನೆ. ಮೊಬೈಲಿನ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತದೆ, ವಿಡಿಯೋದಲ್ಲಿ ನನ್ನ ತುಟಿ ತಡೆದು ತಡೆದು ಓಡುತ್ತದೆ, ಒಂದು ಮಾತೂ ಹಿಡಿಯಲಾಗುವುದಿಲ್ಲ ಎಂದು ಅಷ್ಟು ದೂರದಿಂದ ಗದರಿದೆಯಲ್ಲ. ಆಗಲಿ, ಇನ್ನು ಮೇಲೆ ಮೊದಲಿನ ಹಾಗೆ ಕಾಗದವೇ.

ಮಗಳು ಈ ದೇಶದ ಭಾಷೆಯ ಪರೀಕ್ಷೆ ಪಾಸಾದಳು ಎಂದು ನೀನು ಬೀದಿಗೆಲ್ಲ ಹೇಳಿಕೊಂಡು ಬಂದೆ. ಪಾಸಾದದ್ದು ನಿಜ. ಆದರೆ ಪರೀಕ್ಷೆಯಲ್ಲಿ ನನ್ನ ಜೊತೆ ಮಾತಾಡಿದ ಮೇಡಂಗೆ ಹಲ್ಲಿದ್ದವು, ನೋವಿರಲಿಲ್ಲ. ಇಲ್ಲಿ ಹಲ್ಲಿನ ಸೆಟ್ಟನ್ನು ಲೋಟದಲ್ಲಿ ನೆನೆಹಾಕಿದವರು ನೋವಿನಲ್ಲಿ ಗಂಟಲೊಳಗೇ ಮಾತಾಡುತ್ತಾರೆ. ಎಲ್ಲಿ ನೋಯುತ್ತಿದೆ ಎಂದು ನಾನು ಕೇಳುವುದು ಅವರಿಗೆ ತಿಳಿಯುತ್ತದೆ. ಅವರು ಕೊಡುವ ಉತ್ತರ ನನಗೆ ತಿಳಿಯುವುದಿಲ್ಲ. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡಿರುತ್ತೇವೆ.

ಮೊನ್ನೆ ಒಂದು ನಗೆಪಾಟಲಾಯಿತು. ಕಿಟಕಿ ಪಕ್ಕದ ಮಂಚದಲ್ಲಿ ಒಬ್ಬ ಅಜ್ಜ ಇದ್ದಾರೆ. ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದಿದೆ, ಎದೆಯಲ್ಲಿ ಕಫ ಇರುವುದರಿಂದ ಆಪರೇಷನ್ ಮುಂದಕ್ಕೆ ಹೋಗುತ್ತಲೇ ಇದೆ. ಮಾತ್ರೆ ತೆಗೆದುಕೊಂಡು ಹೋಗಿ ಕರೆದೆ. ಅವರು ಏನೋ ಗೊಣಗಿ ಕಿಟಕಿ ಕಡೆ ತಿರುಗಿಕೊಂಡರು. ಮತ್ತೆ ಕರೆದೆ, ಜೋರಾಗಿ ಕರೆದೆ. ಇನ್ನೂ ಅರ್ಧ ವಾರ್ಡು ಬಾಕಿ ಇತ್ತು. ತಡೆಯಲಾರದೆ ನೆಲವನ್ನು ಕಾಲಿನಿಂದ ಕುಟ್ಟಿದೆ ಅಮ್ಮಾ! ನೀನು ತಲೆ ತಗ್ಗಿಸಿ ಅಂಗಿಗೆ ಕಾಜಾ ಹೊಲಿಯುತ್ತ ಕೂತಿರುವಾಗ ನಾನು ಹೊಸ್ತಿಲಲ್ಲಿ ನಿಂತು ಕುಟ್ಟುತ್ತಿದ್ದೆನಲ್ಲ, ಹಾಗೇ. ನಿನಗಾದರೆ ನೆಲದ ಅದುರು ಕಾಲಿಗೆ ತಾಗಿ ತಲೆ ಎತ್ತುತ್ತಿದ್ದೆ. ಪಾಪ, ಆ ಅಜ್ಜ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡುಬಿಟ್ಟರು.

ಅವರ ಮಗಳು ದೂರು ಕೊಟ್ಟಳು. ಇನ್‌ಚಾರ್ಜ್ ಸಿಸ್ಟರ್ ನನ್ನನ್ನು ಕರೆಸಿ, ನನಗೆ ಅರ್ಥವಾಗಲೆಂದು ನಿಧಾನಕ್ಕೆ ಬಿಡಿಸಿ ಹೇಳಿದರು. "ಅವರಿಗೆ ಕಿವಿ ಚೆನ್ನಾಗೇ ಕೇಳ್ಸುತ್ತೆ. ನಿಮ್ಮ ಮಾತು ತಿಳಿಯಲ್ಲ, ಅಷ್ಟೆ. ಯಾಕೆ ಹಾಗೆ ಕಿರುಚ್ತೀರ? ಯಾಕೆ ನೆಲ ಒದೀತೀರ?"

ತಪ್ಪಾಯಿತು ಎಂದು ಹೇಳಿ ವಾರ್ಡಿಗೆ ಬಂದೆ. ಜ್ವರದಲ್ಲಿ ನಿನ್ನ ಕಿವಿ ಹೋದಾಗ ನನಗಿನ್ನೂ ಮೂರು ವರ್ಷ. ಮಾತು ಅಂದರೆ ಎದುರಿಗೆ ಬಂದು, ಬಾಯಿ ದೊಡ್ಡದು ಮಾಡಿ, ಕೈ ಆಡಿಸುವುದು ಎಂದೇ ಬೆಳೆದವಳು ನಾನು. ಮಾತು ತಿಳಿಯದವರೆಲ್ಲ ನನ್ನ ಕಣ್ಣಿಗೆ ಕಿವುಡರೇ.

ಕಣ್ಣಿನ ಡಾಕ್ಟರ ಹತ್ತಿರ ಹೋದೆಯಾ? ಬಲಗಣ್ಣು ಹುಟ್ಟಿದಾಗಿನಿಂದಲೂ ಲೆಕ್ಕಕ್ಕಿಲ್ಲ. ಇರುವುದೊಂದು ಎಡಗಣ್ಣು, ಅದನ್ನು ನೋಡಿಕೋ. ನರ್ಸಿನ ಯೂನಿಫಾರಂ ಹಾಕಿಕೊಂಡ ಫೋಟೋ ಇಟ್ಟಿದ್ದೇನೆ.

ಕಾಲು ನೋಯುತ್ತಿರುವ ನಿನ್ನ
ಗುಂಡಿ


ಫೆಬ್ರವರಿ 24

ಗುಂಡಿ,

ನೆಲ ಕುಟ್ಟಿದೆಯಂತೆ! ಓದುತ್ತ ಓದುತ್ತ ನಕ್ಕೆ, ಸೂಜಿ ಬೆರಳಿಗೆ ಚುಚ್ಚಿತು. ಏನಾಯಿತು ಎಂದು ಟೈಲರ್ ಮಾಸ್ತರು ಮಿಷನ್ ನಿಲ್ಲಿಸಿ ನೋಡಿದರು. ಏನಿಲ್ಲ ಎಂದೆ. ಕಾಜಾ ಹೊಲಿಯುವವಳಿಗೆ ಮಗಳು ಹುಟ್ಟಿದರೆ ಗುಂಡಿ ಎನ್ನದೆ ಇನ್ನೇನೆನ್ನಬೇಕು ಎಂದು ನಿನಗೆ ಈ ಹೆಸರಿಟ್ಟವರೇ ಅವರು. ಈಗಲೂ ನಿನ್ನ ಕಾಗದ ಬಂದರೆ ನನಗಿಂತ ಮೊದಲು ಅವರ ಮುಖ ಅರಳುತ್ತದೆ.

ಅಷ್ಟು ದೂರ ಹೋಗಿ ನನ್ನ ಮನೆಯ ಅಭ್ಯಾಸವನ್ನು ನಾಲ್ಕು ಜನರ ಮುಂದೆ ತೋರಿಸಬೇಕಿತ್ತೇನೇ? ನನ್ನ ಕಿವಿಯ ವಿಷಯ ಯಾರಿಗೂ ಹೇಳಿಲ್ಲ ತಾನೆ? ಇಷ್ಟು ವರ್ಷವಾದರೂ ಅಂಗಡಿಗೆ ಬರುವವರಿಗೆ ಗೊತ್ತಿಲ್ಲ. ಕರೆದರೆ ತಿರುಗುವುದಿಲ್ಲ, ಕಾಜಾದವಳಿಗೆ ಸ್ವಲ್ಪ ಸೊಕ್ಕು ಎಂದುಕೊಂಡಿದ್ದಾರೆ. ಅಂದುಕೊಳ್ಳಲಿ. ಅಯ್ಯೋ ಪಾಪ ಅನ್ನಿಸಿಕೊಳ್ಳುವುದಕ್ಕಿಂತ ಸೊಕ್ಕಿನವಳು ಅನ್ನಿಸಿಕೊಳ್ಳುವುದು ವಾಸಿ. ಎದುರಿಗಿರುವವರು ಏನೋ ಹೇಳಿದಾಗ ತಿಳಿಯದಿದ್ದರೆ ತಲೆಯಾಡಿಸಿಬಿಡುತ್ತೇನೆ. ಯಾರಿಗೂ ಏನೂ ನಷ್ಟವಾಗಿಲ್ಲ.

ಫೋಟೋ ಚೆನ್ನಾಗಿದೆ. ಮೈಕೈ ತುಂಬಿಕೊಂಡಿದ್ದೀಯ, ಹಲ್ಲು ಬಿಟ್ಟು ನಗುತ್ತಿದ್ದೀಯ. ನೋಡಿ ಹೊಟ್ಟೆ ತಣ್ಣಗಾಯಿತು. ಗೋಡೆಗೆ ಅಂಟಿಸಿದ್ದೇನೆ.

ಕಣ್ಣಿಗೆ ಏನೂ ಆಗಿಲ್ಲ. ಅಂಗಡಿಯ ಬಲ್ಬು ಮಂದ. ಮಾಸ್ತರು ಹೊಸದು ಹಾಕಿದರು, ಅದೂ ಮಂದವಾಗಿಯೇ ಬಂದಿದೆ. ಈಗಿನ ಬಲ್ಬುಗಳೇ ಹೀಗೆ.

ಹೊಟ್ಟೆ ತುಂಬ ತಿನ್ನು.

ಅಮ್ಮ


ಮಾರ್ಚ್ 12

ಅಮ್ಮಾ,

ಬಲ್ಬಿನ ಕಥೆ ನನಗೆ ಹೇಳಬೇಡ. ಹೋದ ವರ್ಷ ನೀನು ಒಂದು ಹಾಳೆಯಲ್ಲಿ ಬರೆಯುತ್ತಿದ್ದುದಕ್ಕೆ ಈಗ ನಾಲ್ಕು ಹಾಳೆ ಬೇಕಾಗಿದೆ. ಅಕ್ಷರಗಳು ಬೋರ್ಡಿನ ಮೇಲೆ ಬರೆದಷ್ಟು ದೊಡ್ಡದಾಗಿವೆ, ಸಾಲುಗಳು ಒಂದರ ಮೇಲೊಂದು ಹತ್ತಿವೆ. ಸೂಜಿ ಚುಚ್ಚಿದ್ದು ನಕ್ಕಿದ್ದಕ್ಕಲ್ಲ ಎಂಬುದು ನನಗೆ ತಿಳಿಯದಷ್ಟು ದೂರವೇನೂ ಬಂದಿಲ್ಲ ನಾನು.

ಒಂದು ತಪ್ಪು ಮಾಡಿದ್ದೇನೆ, ಬೇಕಾದರೆ ಬೈದುಕೋ. ನಿನ್ನ ವಿಷಯ ಹೇಳಿಬಿಟ್ಟೆ. ಕಿಟಕಿ ಪಕ್ಕದ ಅಜ್ಜನಿಗೇ. ದಿನಾ ಅವರ ಬೆನ್ನು ಒರೆಸಬೇಕು, ಮಗ್ಗುಲು ಬದಲಿಸಬೇಕು, ಹತ್ತಿರ ಹೋದರೆ ಮೈ ಬಿಗಿ ಹಿಡಿದುಬಿಡುತ್ತಿದ್ದರು. ಒಂದು ಮಧ್ಯಾಹ್ನ ಅವರ ಮಗಳು ಇದ್ದಾಗ ನನಗೆ ಬರುವ ಹರುಕುಮುರುಕು ಭಾಷೆಯಲ್ಲಿ, ನಮ್ಮಮ್ಮನಿಗೆ ಕಿವಿ ಕೇಳಿಸುವುದಿಲ್ಲ, ನಮ್ಮ ಮನೆಯಲ್ಲಿ ಕರೆಯುವುದೇ ಹಾಗೆ ಎಂದು ಹೇಳಿದೆ. ಮಗಳು ಅದನ್ನು ಅವರ ಆಡುಮಾತಿಗೆ ತಿರುಗಿಸಿದಳು. ಅಜ್ಜ ನನ್ನನ್ನೇ ನೋಡಿದರು. ಆಮೇಲೆ ಎದೆಯ ಕಫವೆಲ್ಲ ಅಲ್ಲಾಡುವ ಹಾಗೆ ನಕ್ಕರು.

ಅವರು ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದವರಂತೆ. ಜೀವಮಾನವೆಲ್ಲ ಮೇಲೆ ಗಾಜಿನ ಗೂಡಿನಲ್ಲಿ ಕೂತು, ಇಂಜಿನ್ನಿನ ಗದ್ದಲದಲ್ಲಿ ಒಂದು ಮಾತೂ ಕೇಳಿಸದೆ, ಕೆಳಗೆ ನಿಂತವನ ಕೈ ನೋಡಿಕೊಂಡೇ ಕೆಲಸ ಮಾಡಿದ್ದಾರೆ. "ಮೊದ್ಲೇ ಹೇಳ್ಬಾರ್ದಾ? ಕೈ ಮಾತು ನಂಗೂ ಬರುತ್ತೆ" ಎಂದರಂತೆ, ಮಗಳು ಹೇಳಿದಳು.

ಆವತ್ತಿನಿಂದ ನಾನೇ ಕೆಳಗೆ ನಿಂತವಳು. ಮುಷ್ಟಿ ಹಿಡಿದರೆ ನಿಲ್ಲು. ಅಂಗೈ ಕೆಳಗೆ ಮಾಡಿ ಒತ್ತಿದರೆ ನಿಧಾನ. ಬೆರಳು ಮೇಲೆ ಸುತ್ತಿಸಿದರೆ ಎತ್ತು. ಬೆಡ್‌ಪ್ಯಾನ್ ಇಡಲು ನಾವಿಬ್ಬರು ನರ್ಸುಗಳು ಹಾಸಿಗೆಯ ಬಟ್ಟೆ ಹಿಡಿದು ಅವರನ್ನು ಎತ್ತುವಾಗ ಅವರೇ ಮಲಗಿದಲ್ಲಿಂದ ಬೆರಳು ಆಡಿಸಿ ನಮ್ಮನ್ನು ನಡೆಸುತ್ತಾರೆ. ತಾವೇ ಸರಕು, ತಾವೇ ಮೇಸ್ತ್ರಿ. ನಾವೆಲ್ಲ ಅವರನ್ನು ಕ್ರೇನ್ ಅಜ್ಜ ಎಂದೇ ಕರೆಯುವುದು.

ನೋವಿಗೆ ಅವರು ಕಣ್ಣು ಮುಚ್ಚಿಕೊಂಡರೆ ಮಾತ್ರ ಕೈ ತೋರಿಸಿ ಪ್ರಯೋಜನವಿಲ್ಲ. ಆಗ ಅವರ ಮಣಿಕಟ್ಟಿನ ಮೇಲೆ ಎರಡು ಸಲ ತಟ್ಟುತ್ತೇನೆ. ನೆನಪಿದೆಯಾ? ಕರೆಂಟು ಹೋದರೆ ನಿನಗೆ ನನ್ನ ತುಟಿ ಕಾಣಿಸುತ್ತಿರಲಿಲ್ಲ, ಕಿವಿ ಮೊದಲೇ ಇಲ್ಲ. ನಾನು ಗೋಡೆ ಹಿಡಿದುಕೊಂಡು ಬಂದು ನಿನ್ನ ಮಣಿಕಟ್ಟು ಹುಡುಕಿ ಎರಡು ಸಲ ತಟ್ಟುತ್ತಿದ್ದೆ. ಇಲ್ಲೇ ಇದ್ದೀನಿ ಅಂತ. ನೀನೂ ತಿರುಗಿ ಎರಡು ಸಲ ತಟ್ಟುತ್ತಿದ್ದೆ. ಈಗ ಅಜ್ಜನೂ ತಟ್ಟುತ್ತಾರೆ.

ಅಮ್ಮಾ, ಕಣ್ಣಿನ ಆಸ್ಪತ್ರೆಗೆ ಹೋಗು. ಬೇರೆಯವರ ಅಮ್ಮಂದಿರಿಗೆ ಕಣ್ಣು ಹೋದರೆ ಮಕ್ಕಳ ಕಾಗದವನ್ನು ಯಾರಾದರೂ ಓದಿ ಹೇಳುತ್ತಾರೆ. ನಿನಗೆ ಓದಿ ಹೇಳಿದರೂ ಕೇಳಿಸುವುದಿಲ್ಲ. ಆ ಒಂದು ಕಣ್ಣು ಮುಚ್ಚಿದ ದಿನ ನಾನು ನಿನಗೆ ಇನ್ನೇನನ್ನೂ ಹೇಳಲಾರೆ. ಇದನ್ನು ಬರೆಯುವುದಕ್ಕೇ ಭಯವಾಗುತ್ತಿದೆ.

ನಿನ್ನ ಗುಂಡಿ


ಏಪ್ರಿಲ್ 2

ಗುಂಡಿ,

ನಿನ್ನ ಕಾಟಕ್ಕೆ ಹೋಗಿ ಬಂದೆ. ಇನ್ನು ಹೋಗುವುದಿಲ್ಲ.

ಮಾಸ್ತರ ಹೆಂಡತಿ ಜೊತೆಗೆ ಬರುತ್ತೇನೆಂದಳು, ಬೇಡ ಎಂದೆ. ನಾನೇನು ಮಗುವೇ? ಆಸ್ಪತ್ರೆಯಲ್ಲಿ ಎಲ್ಲರೂ ಮೂಗು ಬಾಯಿ ಮುಚ್ಚಿ ಮಾಸ್ಕ್ ಕಟ್ಟಿಕೊಂಡಿದ್ದರು. ಬರೀ ಕಣ್ಣುಗಳು. ನನಗೆ ಗೋಡೆಗಳ ಜೊತೆ ಮಾತಾಡಿದ ಹಾಗಾಯಿತು. ಡಾಕ್ಟರು ಒಬ್ಬರು ಅದನ್ನು ಗದ್ದಕ್ಕೆ ಇಳಿಸಿಕೊಂಡು ಮಾತಾಡಿದರು, ಪೊರೆ ಬಲಿತಿದೆ, ತಡ ಮಾಡಿದರೆ ಕಷ್ಟ, ಆಪರೇಷನ್ ಮಾಡಬೇಕು ಎಂಬುದು ತಿಳಿಯಿತು. ಆಮೇಲೆ ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಎಷ್ಟು ಹೊತ್ತು ಕೂತೆನೋ. ನನಗಿಂತ ಹಿಂದೆ ಬಂದವರೆಲ್ಲ ಒಳಗೆ ಹೋಗಿ ಬಂದರು. ಕೊನೆಗೆ ಒಬ್ಬ ನರ್ಸು ಹುಡುಗಿ ಬಂದು ನನ್ನ ತೋಳು ಹಿಡಿದೆಳೆದಳು. ಕಣ್ಣು ಇಷ್ಟಗಲ ಮಾಡಿಕೊಂಡು ಏನೋ ಅಂದಳು, ಮಾಸ್ಕು ಮೇಲೆ ಕೆಳಗೆ ಆಡಿದ್ದಷ್ಟೇ ಕಂಡದ್ದು. ಕರೆದಿದ್ದಳೋ ಏನೋ.

ನಡುವೆ ನೀರು ಕುಡಿಯಲು ಮಾಸ್ಕ್ ಇಳಿಸಿಕೊಂಡಳು. ಸದ್ಯ, ಈಗಲಾದರೂ ಓದಬಹುದು ಎಂದು ತುಟಿ ನೋಡಿದೆ. ಓದಲಾಗಲಿಲ್ಲ. ನಮ್ಮ ಮಾತಿನ ತುಟಿಯೇ ಅಲ್ಲ ಅದು. ಎಲ್ಲಿಂದಲೋ ಬಂದವಳಂತೆ, ನಮ್ಮ ಭಾಷೆ ಬರುವುದಿಲ್ಲವಂತೆ, ಕಸ ಗುಡಿಸುವ ಆಯಾ ಆಮೇಲೆ ಹೇಳಿದಳು. ಆ ಹುಡುಗಿ ತನ್ನ ಮುಖದ ಮೇಲೆ ಒಂದು ಬಟ್ಟೆ ಹೊದ್ದುಕೊಂಡು ತೋರಿಸಿದಳು, ಎಡಗಣ್ಣಿನ ಮೇಲೆ ಕೈ ಇಟ್ಟಳು, ಅಲ್ಲಾಡಬಾರದು ಎಂದು ಬೆರಳು ಎತ್ತಿ ಗದರಿಸಿದಳು. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಅವಳು ಒಳಗೆ ಹೋದ ತಕ್ಷಣ ಚೀಲ ತೆಗೆದುಕೊಂಡು ಮನೆಗೆ ಬಂದೆ.

ಬಟ್ಟೆ ಹೊದಿಸಿ, ಇರುವ ಕಣ್ಣನ್ನೂ ಮುಚ್ಚಿ, ಮುಖಕ್ಕೆ ಕತ್ತರಿ ಹಿಡಿದುಕೊಂಡು ಬರುತ್ತಾರೆ. ಕಾಣುವುದಿಲ್ಲ, ಕೇಳಿಸುವುದಿಲ್ಲ. ಯಾರು ಏನು ಮಾಡುತ್ತಿದ್ದಾರೆ, ಮುಗಿಯಿತೋ, ಕೆಟ್ಟಿತೋ, ಯಾರು ಹೇಳುತ್ತಾರೆ ನನಗೆ? ಬದುಕಿರುವಾಗಲೇ ಹೂತ ಹಾಗೆ. ನಿಮ್ಮ ನರ್ಸುಗಳ ಸಹವಾಸವೇ ಬೇಡ. ಇರುವ ಮಸುಕೇ ಸಾಕು ನನಗೆ.

ಅಮ್ಮ


ಏಪ್ರಿಲ್ 15

ಅಮ್ಮಾ,

ನಿನ್ನ ತೋಳು ಹಿಡಿದೆಳೆದ ಆ ಹುಡುಗಿ ನಾನೇ ಎಂದುಕೋ. ನಾನೂ ಹಾಗೆ ಎಳೆದಿದ್ದೇನೆ. ಕೂಗಿ ಕೂಗಿ ಗಂಟಲು ಬಿದ್ದುಹೋದ ಮೇಲೆ, ಇನ್ನೂ ಅಷ್ಟು ಜನ ಬೆಂಚಿನ ಮೇಲೆ ಕೂತಿರುವಾಗ, ತನ್ನದಲ್ಲದ ಊರಿನಲ್ಲಿ ಬಾರದ ಮಾತಿನಲ್ಲಿ ಬೆಳಿಗ್ಗೆಯಿಂದ ಬೈಸಿಕೊಂಡಿರುವಾಗ, ಎದುರಿಗಿರುವವರು ಬೇಕೆಂದೇ ಹಟ ಮಾಡುತ್ತಿದ್ದಾರೆ ಅನ್ನಿಸುತ್ತದೆ. ಮುಖಕ್ಕೆ ಬಟ್ಟೆ ಹೊದ್ದುಕೊಂಡು ತೋರಿಸಿದಳಲ್ಲ, ಅಷ್ಟು ಮಾಡಲು ಅವಳಿಗೆ ಯಾರೂ ಹೇಳಿರುವುದಿಲ್ಲ.

ಒಂದೇ ಒಂದು ಕೇಳುತ್ತೇನೆ. ನಿನಗೆ ಕಿವಿ ಕೇಳಿಸುವುದಿಲ್ಲ ಎಂದು ಅವಳಿಗೆ ಹೇಳಿದೆಯಾ?

ಡಾಕ್ಟರಿಗೆ ಹೇಳಿದೆಯಾ? ಆಯಾಗಾದರೂ ಹೇಳಿದೆಯಾ? ಹೇಳಿರುವುದಿಲ್ಲ. ನನಗೆ ಗೊತ್ತು. ನನ್ನ ಶಾಲೆಗೆ ಬಂದಾಗಲೂ ಟೀಚರ ಮುಂದೆ ತಲೆಯಾಡಿಸಿ ಬಂದವಳು ನೀನು. ಅವರು ಏನು ಹೇಳಿದರು ಎಂದು ಮನೆಗೆ ಬಂದು ನನ್ನನ್ನೇ ಕೇಳುತ್ತಿದ್ದೆ. ಮಾಸ್ತರ ಹೆಂಡತಿಯನ್ನು ಬೇಡವೆಂದದ್ದೂ ಅದಕ್ಕೇ, ಅವಳು ಎಲ್ಲರೆದುರು ನಿನ್ನ ಕಿವಿಯ ವಿಷಯ ಎತ್ತುತ್ತಾಳೆಂದು. ಗುಟ್ಟು ಮುಚ್ಚಿಡಲು ಹೋಗಿ ಕಣ್ಣು ಕಳೆದುಕೊಳ್ಳುತ್ತೀಯಾ? ನಾಚಿಕೆ ಅನ್ನುವುದು ನನಗಿಂತ ಹೆಚ್ಚಾಯಿತಾ ನಿನಗೆ?

ಬಹಳ ಸುಸ್ತಾಗಿದೆ. ಇನ್ನು ಬರೆಯುವುದಿಲ್ಲ.

ಮಗಳು


ಮೇ 20

ಅಮ್ಮಾ,

ನಿನ್ನಿಂದ ಕಾಗದವಿಲ್ಲ. ಮಾಸ್ತರಿಗೆ ಫೋನ್ ಮಾಡಿದೆ. "ಅಂಗಡಿಗೆ ಬರ್ತಾರೆ, ಕೂರ್ತಾರೆ, ಸೂಜಿಗೆ ದಾರ ಮಾತ್ರ ನಾನೇ ಪೋಣಿಸಿಕೊಡ್ತೀನಿ" ಎಂದರು. ಕಾಗದ ಬಂತಾ ಎಂದು ಕೇಳಿದರೆ ಅವರೂ ಮಾತು ಹಾರಿಸಿದರು. ಹೋದ ಕಾಗದದ ಮಾತುಗಳನ್ನು ವಾಪಸು ತೆಗೆದುಕೊಳ್ಳಲು ನನಗೆ ಮುಖವಿಲ್ಲ. ಅದರ ಬದಲು ನಡೆದದ್ದನ್ನು ಹೇಳುತ್ತೇನೆ. ಓದಲಾದಷ್ಟು ಓದು, ಇನ್ನೂ ದೊಡ್ಡದಾಗಿ ಬರೆದಿದ್ದೇನೆ.

ಕ್ರೇನ್ ಅಜ್ಜನ ಎದೆ ಕೊನೆಗೂ ತಿಳಿಯಾಯಿತು, ಆಪರೇಷನ್ನಿಗೆ ದಿನ ಗೊತ್ತಾಯಿತು. ಆವತ್ತು ಬೆಳಿಗ್ಗೆ ಇನ್‌ಚಾರ್ಜ್ ಸಿಸ್ಟರ್ ಓಡಾಡುತ್ತಲೇ ನನಗೆ ಏನೋ ಹೇಳಿ ಹೋದರು. ಮಾಸ್ಕ್ ಒಳಗಿಂದ, ಬಾಗಿಲ ಕಡೆ ತಿರುಗಿಕೊಂಡು, ಗಡಿಬಿಡಿಯಲ್ಲಿ. ನಾನು ತಲೆಯಾಡಿಸಿದೆ. ಚಹಾದ ಗಾಡಿ ಬಂದಾಗ ಅಜ್ಜನಿಗೆ ಚಹಾ ಕೊಟ್ಟೆ, ಬಿಸ್ಕತ್ತು ಅದ್ದಿ ತಿನ್ನಿಸಿದೆ. ಅವರು ಕೊನೆಯ ಗುಟುಕು ಕುಡಿಯುತ್ತಿರುವಾಗ ಆಪರೇಷನ್ ಥಿಯೇಟರಿನವರು ಟ್ರಾಲಿ ತಳ್ಳಿಕೊಂಡು ಬಂದರು. ಅವರ ಸರದಿ ಮುಂಚೆ ಬಂದಿದೆ, ಬಾಯಿಗೆ ಏನೂ ಕೊಡಬೇಡಿ ಎಂದು ಇನ್‌ಚಾರ್ಜ್ ಸಿಸ್ಟರ್ ಬೆಳಿಗ್ಗೆ ಹೇಳಿದ್ದು. ಟ್ರಾಲಿ ಖಾಲಿ ಹೋಯಿತು. ಆ ಮುರಿದ ಮೂಳೆ ಇಟ್ಟುಕೊಂಡು ಅಜ್ಜ ಮತ್ತೆ ಕಾಯಬೇಕಾಯಿತು. ಅವರ ಮಗಳು ಗೋಡೆ ಕಡೆ ತಿರುಗಿ ಅತ್ತಳು. ನನಗೆ ನೆಲ ಬಾಯಿಬಿಟ್ಟರೆ ಸಾಕಾಗಿತ್ತು.

"ಹೇಳಿದ್ದೆ ಅಲ್ವಾ? ತಲೆ ಆಡಿಸಿದ್ರಿ ಅಲ್ವಾ?" ಎಂದರು ಇನ್‌ಚಾರ್ಜ್ ಸಿಸ್ಟರ್.

ಆಗ ಇಲ್ಲಿಗೆ ಬಂದಾಗಿನಿಂದ ಹೇಳದ ಮಾತು ಹೇಳಿದೆ. "ಅರ್ಥ ಆಗಿರ್ಲಿಲ್ಲ. ಅರ್ಥ ಆಗ್ದೇ ಇದ್ರೂ ತಲೆ ಆಡಿಸ್ತೀನಿ ನಾನು. ಬಂದಾಗಿಂದ್ಲೂ."

ಅವರು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು. ಅವರೂ ಬಹಳ ದಣಿದಿದ್ದರು. "ಇಲ್ಲಿಗೆ ಬರೋರೆಲ್ಲ ತಲೆ ಆಡಿಸ್ತಾರೆ. ಯಾರೂ ಹೀಗೆ ಹೇಳಿರ್ಲಿಲ್ಲ" ಎಂದರು. ನನಗೆ ಎಚ್ಚರಿಕೆ ಕೊಟ್ಟರು, ಅದು ಕೊಡಬೇಕಾದ್ದೇ. ಈಗ ಏನು ಹೇಳಿದರೂ ನನ್ನ ಎದುರಿಗೆ ಬಂದು ನಿಂತು ಹೇಳುತ್ತಾರೆ, ನಾನು ತಿರುಗಿ ಒಪ್ಪಿಸಿದ ಮೇಲೇ ಮುಂದೆ ಹೋಗುತ್ತಾರೆ.

ಅಮ್ಮಾ, ನಿನಗೆ ಅಷ್ಟೆಲ್ಲ ಬರೆದೆನಲ್ಲ, ತಲೆಯಾಡಿಸಿ ಬಂದವಳು ಎಂದು. ನಾನೂ ಅದನ್ನೇ ಮಾಡಿಕೊಂಡಿದ್ದೆ. ನಿನ್ನ ನೋಡಿಯೇ ಕಲಿತದ್ದು, ಬೇರೆ ಯಾರು ಕಲಿಸುತ್ತಾರೆ ನನಗೆ?

ಆಪರೇಷನ್ನಿಗೆ ಮತ್ತೆ ದಿನ ಗೊತ್ತಾದಾಗ ಇನ್‌ಚಾರ್ಜ್ ಸಿಸ್ಟರೇ ನನ್ನನ್ನು ಥಿಯೇಟರಿಗೆ ಕಳಿಸಿದರು. ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುತ್ತಾರೆ, ಎಚ್ಚರ ಇರುತ್ತದೆ, ಎದುರಿಗೆ ಹಸಿರು ಬಟ್ಟೆಯ ಪರದೆ. ಅಜ್ಜನ ಅಂಗೈಯನ್ನು ನನ್ನ ಅಂಗೈಯಲ್ಲಿ ಇಟ್ಟುಕೊಂಡು ಕೂತೆ. ಅಂಗೈ ಒತ್ತಿದರೆ ಅಲ್ಲಾಡಬೇಡಿ. ಹೆಬ್ಬೆರಳಿಂದ ಸವರಿದರೆ ಇನ್ನೇನು ಮುಗಿಯಿತು. ಅವರು ನನ್ನ ಬೆರಳು ಹಿಂಡಿದರೆ, ಏನೋ ಹೇಳಬೇಕು, ಸ್ವಲ್ಪ ತಡೆಯಿರಿ. ಈ ಮೂರೇ. ಕಣ್ಣು ಮುಚ್ಚಿಕೊಂಡೇ ಇದ್ದರು, ಒಂದು ಮಾತೂ ಬೇಕಾಗಲಿಲ್ಲ.

ಹೋದ ವಾರ ಮನೆಗೆ ಹೋದರು. ಗಾಲಿಕುರ್ಚಿಯಲ್ಲಿ ಬಾಗಿಲವರೆಗೆ ಹೋದವರು ಮುಷ್ಟಿ ಎತ್ತಿ ನಿಲ್ಲಿಸಿದರು. ನನ್ನನ್ನು ಕರೆದು ಮಣಿಕಟ್ಟಿನ ಮೇಲೆ ಎರಡು ಸಲ ತಟ್ಟಿದರು. ಮಗಳು ಹೇಳಿದಳು: "ನಿಮ್ಮಮ್ಮನಿಗೆ ಕೊಡಬೇಕಂತೆ ಇದು."

ಆದ್ದರಿಂದ ಕಳಿಸುತ್ತಿದ್ದೇನೆ.

ನಿನ್ನ ಗುಂಡಿ


ಜೂನ್ 6

ಗುಂಡಿ,

ಓದಿದೆ. ಬಿಸಿಲಿಗೆ ಹಿಡಿದು ಹಿಡಿದು ಓದಿದೆ.

ನಾಡಿದ್ದು ಹೋಗುತ್ತೇನೆ. ಮಾಸ್ತರ ಹೆಂಡತಿಯೂ ಬರುತ್ತಾಳೆ. ನೀನೇನೂ ಹೇಳಬೇಡ.

ಅಮ್ಮ


ಜುಲೈ 2

ಗುಂಡಿ,

ಒಂದೇ ಹಾಳೆಯ ಎರಡು ಬದಿಯಲ್ಲಿ ಇಷ್ಟನ್ನೂ ಬರೆಯಬೇಕೆಂದು ಹಟ ತೊಟ್ಟು ಕೂತಿದ್ದೇನೆ. ಅಕ್ಷರ ನೋಡು. ಸಾಲು ನೋಡು. ಈಗ ಮಾತಾಡು.

ಹೇಗಾಯಿತೆಂದು ಮೊದಲಿನಿಂದ ಹೇಳುತ್ತೇನೆ. ಬೆಂಚಿನ ತುಂಬ ಜನ. ಅದೇ ಹುಡುಗಿ ಬಂದಳು. ನನ್ನ ಗುರುತು ಹಿಡಿದಳು, ಹಿಂದಿನ ಸಲ ಓಡಿಹೋದ ಮುದುಕಿ ಇವಳೇ ಎಂದು ಕಣ್ಣಲ್ಲೇ ಗೊತ್ತಾಯಿತು. ಮಾಸ್ತರ ಹೆಂಡತಿ ಬಾಯಿ ತೆರೆದಳು. ಅವಳ ಕೈ ಹಿಡಿದು ತಡೆದು ನಾನೇ ಹೇಳಿದೆ: "ನಂಗೆ ಕಿವಿ ಕೇಳ್ಸಲ್ಲ!"

ಮೆಲ್ಲಗೆ ಹೇಳಿದೆ ಎಂದುಕೊಂಡಿದ್ದೆ. ನನ್ನ ಧ್ವನಿ ನನಗೆಲ್ಲಿ ಗೊತ್ತಾಗುತ್ತದೆ? ಕೂತಿದ್ದವರೆಲ್ಲ ಒಟ್ಟಿಗೆ ತಿರುಗಿ ನೋಡಿದರು. ಅಂಗಡಿಗೆ ಅಂಗಿ ಹೊಲಿಸಲು ಬರುವವರೂ ಇಬ್ಬರಿದ್ದರು, ಹಾಳಾಗಲಿ. ಇಷ್ಟೆಲ್ಲ ಆಗಿ ಆ ಹುಡುಗಿ ಏನು ಮಾಡಿದಳು ಹೇಳು? ತಲೆಯಾಡಿಸಿದಳು!

ಆ ತಲೆಯಾಡಿಸುವುದನ್ನು ನಾನು ಕಂಡರೆ ಗುರುತು ಹಿಡಿಯದೆ ಇರುತ್ತೇನಾ? ಒಂದಕ್ಷರ ಅರ್ಥವಾಗಿರಲಿಲ್ಲ ಅವಳಿಗೆ. ಅಯ್ಯೋ ನನ್ನ ಮಗಳೇ ಅನ್ನಿಸಿತು. ಜನ ನೋಡುತ್ತಿದ್ದರೂ ಸರಿ ಎಂದು ಕಿವಿ ಮುಟ್ಟಿಕೊಂಡೆ, ಇಲ್ಲ ಎಂದು ಕೈ ಆಡಿಸಿದೆ. ಜೀವಮಾನದಲ್ಲಿ ಮನೆಯ ಹೊರಗೆ ಹಾಗೆ ಮಾಡಿದವಳಲ್ಲ. ಅವಳು ಮಾಸ್ಕ್ ಮೇಲೆ ಕೈ ಇಟ್ಟುಕೊಂಡಳು. ನನ್ನ ತೋಳು ಎಳೆದಿದ್ದಳಲ್ಲ, ಆ ತೋಳನ್ನು ಮೆಲ್ಲಗೆ ಸವರಿದಳು.

ನಿನ್ನ ಕಾಗದದ ಮೂರು ಮಾತನ್ನೂ ಅವಳ ಅಂಗೈಯಲ್ಲಿ ಕಲಿಸಿದೆ. ಒತ್ತಿದರೆ ಅಲ್ಲಾಡಬೇಡ. ಸವರಿದರೆ ಮುಗಿಯಿತು. ಹಿಂಡಿದರೆ ತಡೆ. ಅವಳು ನನ್ನ ಅಂಗೈಯಲ್ಲಿ ತಿರುಗಿ ಒಪ್ಪಿಸಿದಳು. ಒಂದು ತಪ್ಪಿದಳು, ಮತ್ತೆ ಮಾಡಿಸಿದೆ. ಡಾಕ್ಟರನ್ನು ಕೇಳಿ ನನ್ನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಳು.

ಬಟ್ಟೆ ಹೊದಿಸಿದರು. ಮೊದಲು ಕಣ್ಣು ಕುಕ್ಕುವ ಬೆಳಕು, ಆಮೇಲೆ ನೀರೊಳಗಿಂದ ನೋಡಿದ ಹಾಗೆ, ಆಮೇಲೆ ಏನೂ ಇಲ್ಲ. ಸುಳ್ಳು ಹೇಳುವುದಿಲ್ಲ, ಜೀವ ಬಾಯಿಗೆ ಬಂತು. ಅವಳು ಅಂಗೈ ಒತ್ತುತ್ತಲೇ ಇದ್ದಳು. ಅಲ್ಲಾಡಬೇಡ ಸರಿ, ಆದರೆ ಎಷ್ಟು ಹೊತ್ತು? ಕಣ್ಣು ಇದೆಯೋ ಹೋಯಿತೋ? ಎದ್ದುಬಿಡೋಣ ಎಂದು ಕತ್ತಿನ ನರ ಬಿಗಿದೇಬಿಟ್ಟೆ.

ಆಗ ಮಣಿಕಟ್ಟಿನ ಮೇಲೆ ಎರಡು ಸಲ ತಟ್ಟಿದ ಹಾಗಾಯಿತು.

ಅದನ್ನು ನಾನು ಅವಳಿಗೆ ಕಲಿಸಿರಲಿಲ್ಲ ಗುಂಡಿ. ಮೂರನ್ನೇ ಕಲಿಸಿದ್ದು. ಅದು ನಿನ್ನದು, ಅದನ್ನು ಇನ್ನೊಬ್ಬರಿಗೆ ಕೊಡಲು ಮನಸ್ಸು ಬಂದಿರಲಿಲ್ಲ. ನರ್ಸುಗಳೆಲ್ಲ ಹಾಗೆ ತಟ್ಟುತ್ತಾರೋ ಏನೋ, ನಿನಗೇ ಗೊತ್ತು. ನನಗಂತೂ ನೀನು ಗೋಡೆ ಹಿಡಿದುಕೊಂಡು ಕತ್ತಲಲ್ಲಿ ಬಂದ ಹಾಗಾಯಿತು. ಕತ್ತು ಸಡಿಲ ಬಿಟ್ಟೆ. ನಾನೂ ಅವಳ ಮಣಿಕಟ್ಟು ಹುಡುಕಿ ಎರಡು ಸಲ ತಟ್ಟಿದೆ. ಆಮೇಲೆ ಸವರುವವರೆಗೂ ಅಲ್ಲಾಡಲಿಲ್ಲ.

ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಅವಳ ಮುಖ. ಮಾಸ್ಕ್ ಪೂರ್ತಿ ತೆಗೆದುಕೊಂಡು ನಿಂತಿದ್ದಳು, ನನಗೆ ಕಾಣಲಿ ಎಂದು. ಏನೋ ಹೇಳಿದಳು. ಅವಳ ತುಟಿ ಓದಲು ನನಗೆ ಈಗಲೂ ಬರುವುದಿಲ್ಲ. ಇಲ್ಲ, ಅರ್ಥವಾಗಲಿಲ್ಲ ಎಂದು ಕೈ ಆಡಿಸಿದೆ. ಇಬ್ಬರೂ ನಕ್ಕೆವು. ಅವಳ ಅಮ್ಮ ಎಲ್ಲಿದ್ದಾಳೋ, ಯಾರು ನೋಡಿಕೊಳ್ಳುತ್ತಾರೋ.

ಈಗ ಸೂಜಿಗೆ ದಾರ ನಾನೇ ಪೋಣಿಸುತ್ತೇನೆ. ಹಿಂದಿನ ತಿಂಗಳುಗಳಲ್ಲಿ ಹೊಲಿದು ಅಂಗಡಿಯಲ್ಲೇ ಉಳಿದ ಕಾಜಾಗಳನ್ನು ನೋಡಿದೆ. ದೇವರೇ, ಒಂದೊಂದೂ ಒಂದೊಂದು ಕಡೆ ಬಾಯಿ ತೆರೆದುಕೊಂಡಿವೆ. ಗಿರಾಕಿಗೆ ಕೊಡುವವನ್ನೆಲ್ಲ ಮಾಸ್ತರು ಗುಟ್ಟಾಗಿ ಬಿಚ್ಚಿ ತಾವೇ ಹೊಲಿಯುತ್ತಿದ್ದರಂತೆ. ನನಗೆ ಹೇಳಿರಲಿಲ್ಲ. ಎಲ್ಲರೂ ಬಲ್ಬಿನ ಮೇಲೇ ಹಾಕಿದ್ದೆವು.

ಮನೆಗೆ ಬಂದು ಗೋಡೆಯ ಮೇಲಿನ ನಿನ್ನ ಫೋಟೋ ನೋಡಿದೆ. ಮೈಕೈ ತುಂಬಿಕೊಂಡಿದ್ದೀಯ ಎಂದು ಬರೆದಿದ್ದೆನಲ್ಲ, ಹಲ್ಲು ಬಿಟ್ಟು ನಗುತ್ತಿದ್ದೀಯ ಎಂದು. ನನ್ನ ಕಣ್ಣಲ್ಲಿ ಪೊರೆಯಿದ್ದಾಗ ನೀನು ಚೆನ್ನಾಗಿದ್ದೆ. ಈಗ ನೋಡಿದರೆ ಕೆನ್ನೆ ಒಳಗೆ ಹೋಗಿದೆ, ಕಣ್ಣ ಕೆಳಗೆ ಕಪ್ಪಾಗಿದೆ, ಕೊರಳಿನ ಮೂಳೆ ಎಣಿಸಬಹುದು. ನೀನು ನಗುತ್ತಿಲ್ಲ. ಫೋಟೋ ತೆಗೆಯುವವರು ನಗು ಅಂದಿರಬೇಕು, ತುಟಿ ಅಗಲ ಮಾಡಿದ್ದೀಯ, ಅಷ್ಟೆ.

ಬಹಳ ದಣಿದಿದ್ದೀಯ ಅಲ್ಲವೇನೇ?

ಚೆನ್ನಾಗಿದ್ದೇನೆ ಎಂದು ತಲೆಯಾಡಿಸಬೇಡ. ಇದ್ದದ್ದನ್ನು ಇದ್ದ ಹಾಗೆ ಬರಿ. ದಪ್ಪ ಪೆನ್ನು ಬೇಡ, ಸಣ್ಣದಾಗಿಯೇ ಬರಿ, ಹಾಳೆ ತುಂಬ ಬರಿ. ಈಗ ನಾನು ಓದಬಲ್ಲೆ.

ಅಮ್ಮ